ಒಟ್ಟಿಲಿನ ಒಳಗಿಂದ ಬಂದ ಬೈಗುಳ

ಸೌದೆ ಮಂಡಿಯ ಹಿರಿಸೊಸೆಯನ್ನು ಎಲ್ಲರೂ ಸೊಟ್ಟಕ್ಕ ಎನ್ನುತ್ತಿದ್ದರು. ಅವಳೇನೂ ಸೊಟ್ಟಗಿರಲಿಲ್ಲ. ಲಾರಿಯಲ್ಲಿ ಬರುವ ಗಂಟು, ಕವಲು, ಬೇರುಬುಡಗಳನ್ನು ಒಂದರ ಬಗಲಿಗೆ ಇನ್ನೊಂದು ಸಿಕ್ಕಿಸಿ ಆಳೆತ್ತರಕ್ಕೆ ಒಟ್ಟುವುದು ಅವಳ ಕೆಲಸವಾಗಿತ್ತು; ಆ ಸೊಟ್ಟ ಸೌದೆಯಿಂದಲೇ ಅವಳಿಗೆ ಆ ಹೆಸರು. ಗಿರಾಕಿಗಳಿಗೆ ತೂಗಿ ಕೊಡುತ್ತಿದ್ದವಳು ಅವಳ ಓರಗಿತ್ತಿ, ಕಿರಿಸೊಸೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತೆಯ ಕೋಣೆ ಯಾರಿಗೆ ಎಂಬ ಜಗಳದಲ್ಲಿ ಮಾತು ಬಿಟ್ಟವರು, ಆ ಕೋಣೆಗೆ ಹರಕು ಗೋಣಿಚೀಲ ತುಂಬಿದ ಮೇಲೂ ಮಾತಾಡಿರಲಿಲ್ಲ. ಹೇಳಲೇಬೇಕಾದದ್ದನ್ನು ತಕ್ಕಡಿಗೆ ಹೇಳುವರು.

"ಏ ತಕ್ಕಡಿ, ಬುಡದ ಸೌದೆಗೆ ಕೈ ಹಾಕ್ಬೇಡ ಅಂತ ಹೇಳು ಅವಳಿಗೆ."

ತಕ್ಕಡಿ ಹೇಳಲಿಲ್ಲವೋ, ಕಿರಿಯವಳು ಕೇಳಲಿಲ್ಲವೋ. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ನೆಟ್ಟಗಿನ ಸೌದೆಯೇ ಬೇಕೆಂದು ಹಟ ಹಿಡಿದ. ಒಟ್ಟಿಲಿನ ಬುಡದಲ್ಲಿ ಅಂಥದೊಂದು ತುಂಡು ಕಿರಿಯವಳ ಕಣ್ಣಿಗೆ ಬಿತ್ತು. ಕಾಲು ಊರಿ ಎಳೆದಳು. ಒಳಗೆಲ್ಲೋ ಕರಕರ ಎಂದಿತು. ಮರುಕ್ಷಣ ಇಡೀ ರಾಶಿ ಗೋಡೆಯ ಕಡೆಗೆ ಧಡಧಡ ಉರುಳಿತು.

"ಅಯ್ಯೋ, ಆ ಕಡೆ ನಿಮ್ಮಕ್ಕ ಇದ್ರಲ್ರೀ!" ಗಿರಾಕಿ ಕಿರುಚಿದ.

ಧೂಳಿನಲ್ಲಿ ಒಂಟಿ ಚಪ್ಪಲಿ ಮಗುಚಿ ಬಿದ್ದಿತ್ತು. ಅದನ್ನು ಕಂಡದ್ದೇ ಕಿರಿಯವಳು ಹುಚ್ಚಿಯಂತೆ ನುಗ್ಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯತೊಡಗಿದಳು.

"ಬುಡದಿಂದ ಎಳೀಬೇಡ್ವೇ, ಮೂದೇವಿ!" ರಾಶಿಯೊಳಗಿಂದ ದನಿ ಬಂತು. "ಒಂದ್ಸಲ ಎಳೆದದ್ದು ಸಾಲ್ದಾ? ಮೇಲಿಂದ ತೆಗಿ."

"ಅಕ್ಕಾ! ಬದುಕಿದ್ದೀಯಾ?"

"ಸತ್ತೋರು ಬೈತಾರೇನೇ?"

ಕಿರಿಯವಳು ನಗಲೂ ಇಲ್ಲ, ಅಳಲೂ ಇಲ್ಲ. ಮೇಲಿನಿಂದ ತೆಗೆಯತೊಡಗಿದಳು. ಗಿರಾಕಿಯೂ ಕೈ ಹಾಕಿದ. ಒಂದೊಂದಾಗಿ ತೆಗೆದಂತೆ ಕಂಡಿತು: ಎರಡು ಕವಲುಗಳು ಗೋಡೆಗೆ ಆನಿಕೊಂಡು, ಸೊಟ್ಟಕ್ಕನ ತಲೆಯ ಮೇಲೆ ಚಾವಣಿಯಂತೆ ನಿಂತಿದ್ದವು.

"ನನ್ನ ಕಾಲು ಇದೆಯಾ ನೋಡೇ," ಎಂದಳು ಸೊಟ್ಟಕ್ಕ ಮೆಲ್ಲಗೆ. "ನಂಗೇನೂ ಗೊತ್ತಾಗ್ತಿಲ್ಲ."

ಕಾಲು ಇತ್ತು. ಆದರೆ ಮಡಿಚಬಾರದ ಕಡೆ ಮಡಿಚಿತ್ತು.

ಆಸ್ಪತ್ರೆಯಲ್ಲಿ ಭಾವ ಓಡಿಬಂದು, "ನೀನು ಒಟ್ಟಿದ್ದು ಹೆಂಗೇ ಬಿತ್ತು?" ಎಂದು ಹೆಂಡತಿಯನ್ನು ಕೇಳಿದ. ಕಿರಿಯವಳು ಪಕ್ಕದಲ್ಲೇ ನಿಂತಿದ್ದಳು.

"ಸೌದೆ ಅಲ್ವೇನ್ರೀ, ಉರುಳ್ತು," ಎಂದು ಸೊಟ್ಟಕ್ಕ ಕಣ್ಣು ಮುಚ್ಚಿದಳು.

ರಾಶಿ ಬಿದ್ದಾಗ ಬಾರದ ಅಳು ಕಿರಿಯವಳಿಗೆ ಆಗ ಬಂತು. "ನಾನೇ ಭಾವ, ನಾನೇ ಎಳೆದದ್ದು," ಎಂದು ಬಿಕ್ಕಿದಳು.

ಕಾಲು ಕೂಡಿತು, ಕುಂಟು ಉಳಿಯಿತು. ಈಗ ಸೊಟ್ಟಕ್ಕ ಸ್ಟೂಲಿನ ಮೇಲೆ ಕೂತು ಯಾವ ತುಂಡು ಎಲ್ಲಿಗೆ ಎಂದು ಹೇಳುತ್ತಾಳೆ, ಕಿರಿಯವಳು ಒಟ್ಟುತ್ತಾಳೆ. ಎಲ್ಲಾದರೂ ಒಂದು ತುಂಡು ಕರಕ್ ಎಂದರೆ ಸಾಕು, ಅವಳ ಕೈ ಹಾಗೇ ನಿಂತುಬಿಡುತ್ತದೆ. ಸೊಟ್ಟಕ್ಕ ಅವಳನ್ನು ಅವಸರಪಡಿಸುವುದಿಲ್ಲ.