ಹನ್ನೊಂದನೆಯ ಹೆಸರು

ಹೋದ ತಿಂಗಳು ಮೆಡಿಕಲ್ ಅಂಗಡಿಯಿಂದ ಮೊಣಕಾಲಿಗೆ ಹಾಕಿಕೊಳ್ಳುವ ಎಲಾಸ್ಟಿಕ್ ಪಟ್ಟಿಯೊಂದನ್ನು ತಂದೆ. ವಯಸ್ಸಾಯಿತಲ್ಲ, ಮೆಟ್ಟಿಲಿಳಿಯುವಾಗ ಎಡಗಾಲು ಕಟಕ್ ಅನ್ನುತ್ತದೆ. ಪ್ಲಾಸ್ಟಿಕ್ ಚೀಲ ಹರಿದದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಪಟ್ಟಿ ಕೈಯಲ್ಲಿ ಹಿಡಿದು ಮಂಚದ ಮೇಲೆ ಹಾಗೇ ಕೂತುಬಿಟ್ಟೆ. ಇಂಥದೇ ಪಟ್ಟಿ, ಇದೇ ಕಂದು ಬಣ್ಣದ್ದು, ಬಾಲ್ಕನಿಯ ತಂತಿಯ ಮೇಲೆ ಬನಿಯನ್ನುಗಳ ನಡುವೆ ಒಣಗುತ್ತಿತ್ತು... ಮೇಲಿನ ಮನೆಯ ಕಾಕಾರದು. ಮಗಳು ಬಂದು "ಯಾಕವ್ವಾ, ಸೈಜ್ ಸಣ್ಣದಾತೇನ?" ಅಂದಳು. ಹೌದು ಅಂದೆ. ಸುಳ್ಳು ಹೇಳುವುದು ನನಗೆ ಹೊಸದೇನಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮರಾಠಿ ಸೀಮೆಯ ದೊಡ್ಡ ಊರು, ಅದರ ಬಿಬವೇವಾಡಿ ಬಡಾವಣೆಯಲ್ಲಿ ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಎರಡನೆಯ ಮಾಳಿಗೆಯಲ್ಲಿ ಅಣ್ಣ, ಅವನ ಹೆಂಡತಿ ವೈನಿ, ಇನ್ನೂ ಮದುವೆಯಾಗದ ನಾನು. ಮೂರನೆಯ ಮಾಳಿಗೆಯಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲೆ, ಕಾಕಾ ಮತ್ತು ಅವರ ಹೆಂಡತಿ ಕಾಕು. ನಾವು ಗೋಕಾಕದ ಕಡೆಯವರು, ಅವರು ಧಾರವಾಡದವರು. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ಇವೆರಡೇ. ಹಾಗಾಗಿ ರಕ್ತಸಂಬಂಧ ಇಲ್ಲದಿದ್ದರೂ ಕಾಕಾ ಕಾಕಾನೇ ಆಗಿಬಿಟ್ಟರು. ಅವರು ಹಡಪಸರದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಅಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಜಾಗ ಖಾಲಿಯಾದಾಗ ನನ್ನ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟವರೇ ಅವರು. ಮೊದಲ ದಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಗೇಟಿನಲ್ಲಿ ಇಳಿಸಿ, "ಅಂಜಬ್ಯಾಡವಾ. ಇಲ್ಲೆ ಎಲ್ಲಾರೂ ಮನಶ್ಯಾರ ಅದಾರ" ಅಂದಿದ್ದರು. ಅಂಥವರಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಕಾಕಾ ಕಾರ್ಖಾನೆಯ ಕ್ರಿಕೆಟ್ ಟೀಮಿನ ಬೌಲರ್. ವಯಸ್ಸು ನಲವತ್ತೆರಡು. ಉದ್ದನೆಯ ಆಳು, ಅರ್ಧ ನೆರೆತ ಮೀಸೆ. ಕೈಗೆ ಚೆಂಡು ಬಂತೆಂದರೆ ಇಪ್ಪತ್ತೈದರ ಹುಡುಗರ ನೀರಿಳಿಸುತ್ತಿದ್ದರು. ಆದರೆ ಅವರು ಇಡೀ ಸೀಸನ್ ಆಡಿದ್ದನ್ನು ಕಂಡವರಿಲ್ಲ. ಒಂದು ವರ್ಷ ಬೆನ್ನು ಹಿಡಿದುಕೊಂಡಿತು, ಮರುವರ್ಷ ಹಿಮ್ಮಡಿ, ಆಮೇಲೆ ಬಲಗಾಲಿನ ಮೊಣಕಾಲು ಶುರುವಾದದ್ದು ಬಿಡಲೇ ಇಲ್ಲ. ಆಫೀಸಿನವರು 'ಅರ್ಧಾ ಸೀಸನ್' ಎಂದೇ ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ನಕ್ಕುಬಿಡುತ್ತಿದ್ದರು ಪುಣ್ಯಾತ್ಮ. ಆ ನಗೆಯ ಹಿಂದೆ ಎಷ್ಟು ನೋವಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಮುಂದೆ ಕೆಲಸಕ್ಕೆ ಬಂತು ನೋಡಿ.

ನಮ್ಮ ಆಫೀಸಿಗೆ ಆಗ ಒಂದು ಹುಚ್ಚು ಹತ್ತಿಕೊಂಡಿತ್ತು. ಯಂತ್ರದ ನಕ್ಷೆ ಬರೆಯುವ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರಿದ್ದರು, ಮರಾಠಿಯವರು; ಅವರ ಹೆಂಡತಿಯ ತಮ್ಮ ಅಮೆರಿಕದಲ್ಲಿದ್ದ. ಅಲ್ಲಿನ ಜನ ಬೇಸ್‌ಬಾಲ್ ಆಟಗಾರರನ್ನು ಆರಿಸಿ ಕಾಗದದ ಮೇಲೆ ಟೀಮು ಕಟ್ಟುತ್ತಾರೆ, ಆ ಆಟಗಾರರು ಮೈದಾನದಲ್ಲಿ ಮಾಡಿದ್ದಕ್ಕೆಲ್ಲ ಇವರಿಗೆ ಅಂಕ ಬರುತ್ತದೆ ಎಂದು ಅವನು ಪತ್ರ ಬರೆದಿದ್ದನಂತೆ. ಇವರು ಅದನ್ನು ಕಾರ್ಖಾನೆಗಳ ನಡುವಿನ ಕ್ರಿಕೆಟ್ ಪಂದ್ಯಗಳಿಗೆ ಹೊಂದಿಸಿದರು. ಚಳಿಗಾಲದ ಭಾನುವಾರಗಳಲ್ಲಿ ಹತ್ತು ಕಾರ್ಖಾನೆಗಳ ಟೀಮುಗಳು ಆಡುತ್ತಿದ್ದವು. ಆಫೀಸಿನ ಎಂಟು ಜನ ಚೀಟಿ ಎತ್ತಿ, ಸರದಿಯ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸುತ್ತ ಹನ್ನೊಂದು ಹೆಸರು ಬರೆದುಕೊಳ್ಳಬೇಕು. ಒಬ್ಬರು ಬರೆದುಕೊಂಡ ಹೆಸರು ಇನ್ನೊಬ್ಬರಿಗಿಲ್ಲ. ರನ್ನಿಗೆ ಒಂದು ಅಂಕ, ವಿಕೆಟ್ಟಿಗೆ ಇಪ್ಪತ್ತು. ಆಟಗಾರ ಪೆಟ್ಟಾಗಿ ಮನೆಯಲ್ಲಿ ಕೂತರೆ ಸೊನ್ನೆ, ಬದಲಿಗೆ ಬೇರೆ ಹೆಸರು ಹಾಕುವ ಹಾಗಿಲ್ಲ. ಗೆದ್ದವರ ಹೆಸರು ಕ್ಯಾಂಟೀನಿನ ಕರಿಹಲಗೆಯ ಮೇಲೆ ಒಂದು ವಾರ ಇರುತ್ತಿತ್ತು. ಬಹುಮಾನ ಅಂದರೆ ಅಷ್ಟೇ.

ಇನ್ನೊಂದು ನಿಯಮವಿತ್ತು. ನಮ್ಮ ಪಟ್ಟಿಯಲ್ಲಿ ಇರುವ ಆಟಗಾರನಿಗೆ ಆ ವಿಷಯ ಹೇಳಕೂಡದು. ಹೇಳಿದರೆ ಪಾಪ, ಪೆಟ್ಟಾಗಿದ್ದರೂ ಮುಲಾಜಿಗೆ ಬಿದ್ದು ಆಡಲು ಹೋಗುತ್ತಾನೆ, ಅದು ಬೇಡ ಎಂದು ಡ್ರಾಫ್ಟ್ಸ್‌ಮನ್ ಮೊದಲೇ ಕಟ್ಟುನಿಟ್ಟು ಮಾಡಿದ್ದರು. ಆ ನಿಯಮವನ್ನು ನಾನು ಒಂದು ದಿನವೂ ಮುರಿಯಲಿಲ್ಲ.

ಎಂಟು ಜನರಲ್ಲಿ ಹೆಂಗಸು ನಾನೊಬ್ಬಳೇ. ಮೊದಲ ವರ್ಷ ಎಲ್ಲರಿಗಿಂತ ಕೆಳಗೆ ಬಂದೆ. "ತಾಈ, ಕ್ರಿಕೆಟ್ ಅಂದರೆ ಅಡುಗೆಮನೆಯಲ್ಲಿ ಪೋಹೆ ಮಾಡಿದ ಹಾಗಲ್ಲ" ಎಂದು ಡ್ರಾಫ್ಟ್ಸ್‌ಮನ್ ಮರಾಠಿಯಲ್ಲಿ ಅಂದಾಗ ಇಡೀ ಸೆಕ್ಷನ್ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಪಕ್ಕ ಕೂತು ರೇಡಿಯೋ ಕಾಮೆಂಟರಿ ಕೇಳುತ್ತ ಬೆಳೆದವಳು ನಾನು. ಇವರಲ್ಲಿ ಅರ್ಧ ಜನಕ್ಕೆ ಗೂಗ್ಲಿ ಯಾವುದು, ಲೆಗ್ ಬ್ರೇಕ್ ಯಾವುದು ಗೊತ್ತಿಲ್ಲ. ಮುಂದಿನ ವರ್ಷ ಇವರ ಬಾಯಿ ಮುಚ್ಚಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮರುವರ್ಷ ಹತ್ತು ಹೆಸರು ಬರೆದಾಗಿತ್ತು. ಹನ್ನೊಂದನೆಯದಕ್ಕೆ ನಾನು ಕಾಕಾರ ಹೆಸರು ಹೇಳಿದೆ. "ಅಹೋ, ಅರ್ಧಾ ಸೀಸನ್?" ಎಂದು ಎಲ್ಲರೂ ಮತ್ತೆ ನಕ್ಕರು. ನಗಲಿ ಬಿಡು ಅಂದುಕೊಂಡು ಬರೆದೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಐದು ತಿಂಗಳಿಂದ ಕಾಕಾ ದಿನಾ ನಸುಕಿನಲ್ಲಿ ತಳಜಾಯಿ ಗುಡ್ಡ ಹತ್ತಿ ಇಳಿಯುತ್ತಿದ್ದರು, ಡಾಕ್ಟರು ಹೇಳಿದ ವ್ಯಾಯಾಮ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಕಾಕು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಸಂತೋಷದಿಂದ ಹೇಳುತ್ತಿದ್ದರು. ನೆರೆಮನೆಯ ಮಾತನ್ನು ನಾನು ಆಫೀಸಿನ ಪಟ್ಟಿಗೆ ತಂದು ಹಾಕಿದೆ.

ಕಾಕಾ ಆ ವರ್ಷ ಆಡಿದರು ನೋಡಿ! ಮೊದಲ ಪಂದ್ಯದಲ್ಲಿ ಮೂರು ವಿಕೆಟ್, ಎರಡನೆಯದರಲ್ಲಿ ಎರಡು, ಆಮೇಲೆ ಒಂದರಲ್ಲಿ ಐದು. ಪ್ರತಿ ಸೋಮವಾರ ಡ್ರಾಫ್ಟ್ಸ್‌ಮನ್ ಅಂಕ ಕೂಡಿಸುವಾಗ ನಾನು ಏನೂ ಗೊತ್ತಿಲ್ಲದವಳಂತೆ ಟೈಪ್ ಮಾಡುತ್ತ ಕೂರುತ್ತಿದ್ದೆ. ನಗುವುದು ನಿಂತಿತು. ಕೊನೆಯ ಭಾನುವಾರ ಬರುವ ಹೊತ್ತಿಗೆ ಮೊದಲನೆಯವರು ಡ್ರಾಫ್ಟ್ಸ್‌ಮನ್, ಎರಡನೆಯವಳು ನಾನು, ನಡುವೆ ಹದಿನೆಂಟೇ ಅಂಕ. ಅವರ ಆಟಗಾರರ ಪಂದ್ಯಗಳೆಲ್ಲ ಮುಗಿದಿದ್ದವು. ನನ್ನ ಪಟ್ಟಿಯಲ್ಲಿ ಆಡಲು ಉಳಿದವರು ಕಾಕಾ ಒಬ್ಬರೇ. ಅವರು ಒಂದು ವಿಕೆಟ್ ತೆಗೆದರೆ ಸಾಕಿತ್ತು.

ಗುರುವಾರ ಕಾಕಾರ ಮೊಣಕಾಲು ಬಾತುಕೊಂಡಿತು.

ಶನಿವಾರ ಸಂಜೆ ವೈನಿ ಮಾಡಿದ ಮಾದಲಿಯ ಬಟ್ಟಲು ಹಿಡಿದು ಮೇಲೆ ಹೋದೆ. ಕಾಕಾ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಕಾಕು ಮಾತ್ರ ಬಹಳ ದಿನಗಳ ಮೇಲೆ ಹಗುರಾಗಿದ್ದರು. "ನಾಳೆ ಆಡೂದಿಲ್ಲಂತ ಕ್ಯಾಪ್ಟನ್‌ಗ ಹೇಳಿ ಕಳಿಸ್ಯಾರ ನೋಡು. ನನ್ನ ಪುಣ್ಯಾ, ಒಮ್ಮಿಯಾರ ನನ್ನ ಮಾತು ಕೇಳಿದ್ರು" ಅಂದರು. ಮೂರು ವಾರ ಸುಮ್ಮನಿದ್ದರೆ ಕಾಲು ಸರಿಹೋಗುತ್ತದೆ, ಈಗ ಮತ್ತೆ ತಿರುವಿದರೆ ಎಂಟು ತಾಸು ನಿಂತು ಮಷೀನ್ ನಡೆಸುವುದನ್ನು ಮರೆತುಬಿಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಕಾಕು ಇದನ್ನು ನನಗೆ ಎರಡು ಸಲ ಹೇಳಿದರು. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.

ಬಟ್ಟಲು ಖಾಲಿ ಮಾಡಿ ಕೊಡಲು ಕಾಕು ಒಳಗೆ ಹೋದರು. ನಾನು ಕಾಕಾರ ಎದುರು ನಿಂತಿದ್ದೆ. ಈಗಲೂ ಅಂದುಕೊಳ್ಳುತ್ತೇನೆ, ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತಿದ್ದರೆ...

"ಕಾಕಾ, ಎಲ್ಲಾರೂ ನಿಮಗ ಅರ್ಧಾ ಸೀಸನ್ ಅಂತ ನಗತಾರ್ರಿ. ನಂಗ ಭಾಳ ಕೆಟ್ಟ ಅನಸ್ತದರಿ. ಈ ಸಲ ನೀವು ಪೂರ್ತಿ ಆಡೇ ಆಡತೀರಿ ಅಂತ ನಂಗೊಬ್ಬಾಕಿಗೆ ನಂಬಿಗಿ ಇತ್ರಿ" ಅಂದೆ.

ಕಾಕಾ ತಲೆಯೆತ್ತಿ ನೋಡಿದರು. ಅಂಥ ಮುಖವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೆಯೂ ನೋಡಲಿಲ್ಲ. "ಖರೇ ಅಂತೀಯೇನವಾ?" ಅಂದರು.

"ಖರೇನ ಅಂತೀನ್ರಿ."

ಪಟ್ಟಿಯ ವಿಷಯ ಎತ್ತಲಿಲ್ಲ, ನಿಯಮ ಪಾಲಿಸಿದೆ. ಹೇಳಿದ್ದರೆ ಬಹುಶಃ ಅವರು ನಕ್ಕು, "ಹುಚ್ಚಿ, ನಿನ್ನ ಕಾಗದದ ಸಲುವಾಗಿ ನನ್ನ ಕಾಲು ಮುರಕೊಳ್ಳಲೇನು?" ಅಂದು ಮಲಗಿಬಿಡುತ್ತಿದ್ದರು. ಹೇಳದ್ದರಿಂದ ನನ್ನ ಸ್ವಾರ್ಥ ಅವರಿಗೆ ಮಗಳ ಅಂತಃಕರಣದ ಹಾಗೆ ಕಂಡಿತು.

ಬೆಳಿಗ್ಗೆ ಕಾಕು ಹಾಲಿಗೆ ಹೋದ ಹೊತ್ತು ನೋಡಿ ಕಾಕಾ ಸ್ಕೂಟರ್ ಹತ್ತಿದರಂತೆ. ನಾನು ಆಫೀಸಿನವರ ಜೊತೆ ಮೈದಾನದ ಅಂಚಿನಲ್ಲಿ ಕೂತಿದ್ದೆ. ಕಾಲಿಗೆ ಬಿಗಿದು ಪಟ್ಟಿ ಕಟ್ಟಿಕೊಂಡು ಕಾಕಾ ಬಂದಾಗ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅವರು ಜನರ ನಡುವೆ ನನ್ನನ್ನು ಹುಡುಕಿ ಕೈ ಎತ್ತಿದರು. ನಾನೂ ಎತ್ತಿದೆ. ಮೂರನೆಯ ಓವರಿನಲ್ಲಿ ಒಂದು ಸ್ಟಂಪು ಹಾರಿಹೋಯಿತು. ಗೆದ್ದೆ! ಡ್ರಾಫ್ಟ್ಸ್‌ಮನ್ ಮುಖ ನೋಡಬೇಕಿತ್ತು. ಆಗಲಾದರೂ ಎದ್ದು ಹೋಗಿ, ಸಾಕ್ರಿ ಕಾಕಾ, ಬಂದು ಕೂಡ್ರಿ ಅನ್ನಬಹುದಿತ್ತು. ಇನ್ನೂ ಒಂದು ಬಂದರೆ ಗೆಲುವು ಇನ್ನೂ ಜೋರಾಗುತ್ತದೆ ಅಂದುಕೊಂಡು ಕೂತೆ.

ಇನ್ನೊಂದು ಬಂತು. ಅದೇ ಎಸೆತದ ಕೊನೆಯಲ್ಲಿ ಕಾಕಾರ ಬಲಗಾಲು ನೆಲಕ್ಕೂರಿ ಒಳಮುಖವಾಗಿ ತಿರುಗಿತು. ಅವರು ಕೂಗಲಿಲ್ಲ. ಬ್ಯಾಟ್ಸ್‌ಮನ್ನೇ ಓಡಿಬಂದು ಹಿಡಿದುಕೊಂಡ. ಎಲ್ಲರೂ ಎದ್ದು ಓಡಿದರು, ನಾನೂ ಓಡಿದೆ. ಆದರೆ ಓಡುವ ಮೊದಲು ನನ್ನ ತಲೆಯಲ್ಲಿ ಬಂದದ್ದು ಒಂದೇ: ಇಪ್ಪತ್ತೆರಡು ಅಂಕ ಮುಂದೆ. ಇದನ್ನು ಇದುವರೆಗೆ ಗಂಡನಿಗೂ ಹೇಳಿಲ್ಲ. ನನ್ನ ಬಗ್ಗೆ ನನಗೆ ಹೇಸಿಗೆಯಾಗುವುದು ಇದೊಂದನ್ನು ನೆನೆದಾಗ.

ಸೋಮವಾರ ಕರಿಹಲಗೆಯ ಮೇಲೆ ನನ್ನ ಹೆಸರು ಇತ್ತು, ಸುತ್ತ ಬಣ್ಣದ ಸೀಮೆಸುಣ್ಣದ ಹೂವು. ಕಾಕಾ ಆಸ್ಪತ್ರೆಯಲ್ಲಿದ್ದರು. ಕ್ಯಾಂಟೀನಿಗೆ ಆ ವಾರ ನಾನು ಹೋಗಲಿಲ್ಲ, ಆದರೆ ಹೆಸರು ಅಳಿಸಿ ಅಂತಲೂ ಅನ್ನಲಿಲ್ಲ.

ಆಪರೇಷನ್ ಆಯಿತು. ಕಾಲು ಬಂತು, ಪೂರ್ತಿ ಬರಲಿಲ್ಲ. ಹದಿನೆಂಟು ವರ್ಷ ದುಡಿದ ಲೇತ್ ಬಿಡಿಸಿ ಟೂಲ್ ರೂಮಿನ ಕಿಟಕಿಯ ಹಿಂದೆ ಸ್ಟೂಲ್ ಹಾಕಿ ಕೂರಿಸಿದರು. ಹತಾರ ಎಣಿಸಿ ಕೊಡುವ ಹುಡುಗರ ಕೆಲಸ ಅದು ಎಂದು ಕಾಕಾ ಒಮ್ಮೆ ಮಾತ್ರ ಅಂದರು. ಮೂರು ಮಾಳಿಗೆ ಹತ್ತುವುದು ಆಗಲಿಲ್ಲ. ಒಂದೊಂದೇ ಮೆಟ್ಟಿಲಿಗೆ ಕೂತು ಕೂತು ಹೋಗುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಹೊರಗೆ ಬರುವ ಧೈರ್ಯ ಇರಲಿಲ್ಲ. ವರ್ಷ ತುಂಬುವುದರೊಳಗೆ ಕೊಂಢವಾದಲ್ಲಿ ನೆಲಮಹಡಿಯ ಸಣ್ಣ ಮನೆ ನೋಡಿಕೊಂಡು ಹೋದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರು ಮನೆಗೆ ಬಂದರೂ ನನ್ನನ್ನು ತೋರಿಸಿ, "ನನ್ನ ಮ್ಯಾಲೆ ನಂಬಿಗಿ ಇಟ್ಟಾಕಿ ಇಕಿ ಒಬ್ಬಾಕೆ ನೋಡ್ರಿ. ಇಕಿ ಮಾತಿಗೆ ಇಡೀ ಸೀಸನ್ ಆಡಿದೆ" ಅನ್ನುತ್ತಿದ್ದರು. ನನ್ನ ಮದುವೆಯಲ್ಲೂ ಬೀಗರ ಮುಂದೆ ಇದೇ ಮಾತು. ಪ್ರತಿ ಸಲ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ, ಏನಾದರೊಂದು ನೆಪ ಹೇಳಿ ಎದ್ದುಬಿಡುತ್ತಿದ್ದೆ. ಎರಡು ಸಾವಿರದ ನಂತರದ ಆ ವರ್ಷಗಳು ಹೇಗೆ ಸರಿದವೋ... ಒಂದು ದಿನ ಅಣ್ಣ ಫೋನ್ ಮಾಡಿ, ಕಾಕಾ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು ಅಂದ. ಹೇಳುವ ಕೆಲಸ ತಪ್ಪಿತು ಎಂದು ಒಂದು ಕ್ಷಣ ಹಾಯೆನಿಸಿದ್ದೂ ನಿಜ. ನಾನು ಅಂಥವಳು.

ಎಲಾಸ್ಟಿಕ್ ಪಟ್ಟಿ ತಂದ ಮರುವಾರ ಕೊಂಢವಾಕ್ಕೆ ಹೋದೆ. ಕಾಕು ಈಗ ತಂಗಿಯ ಜೊತೆ ಇದ್ದಾರೆ. ಮೆಂತೆಸೊಪ್ಪು ಸೋಸುತ್ತ ಕೂತಿದ್ದರು, ನಾನೂ ಎದುರು ಕೂತು ಸೋಸತೊಡಗಿದೆ. ಕಾಗದದ ಟೀಮು, ಹದಿನೆಂಟು ಅಂಕ, ಅವರು ಒಳಗೆ ಹೋದಾಗ ನಾನು ಆಡಿದ ಮಾತು, ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ನಂಗ ಗೊತ್ತದ" ಅಂದರು. "ದವಾಖಾನಿಗೆ ನೋಡ್ಲಿಕ್ಕೆ ಬಂದಾಗ ನಿಮ್ಮ ಡ್ರಾಫ್ಟ್ಸ್‌ಮನ್ ಹೇಳಿದ್ರು. ಖುಷಿಪಡತೀನಿ ಅಂದುಕೊಂಡ್ರೋ ಏನೋ. ನಿಮ್ಮ ಯಜಮಾನ್ರು ಆ ಹುಡುಗೀನ ಗೆಲ್ಲಿಸಿದ್ರು ಅಂದ್ರು. ಕಾರ್ಖಾನ್ಯಾಗ ಯಾರೂ ಇವರ ಮುಂದ ಈ ಮಾತು ಆಡಬಾರದಂತ ಅವರಿಗೆ ಕೈ ಮುಗದೆ."

ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟೆ. "ಮತ್ತ ಕಾಕಾಗ ಯಾಕ ಹೇಳಲಿಲ್ರಿ?"

"ಹೆಂಗ ಹೇಳಲಿ? ಮಷೀನ್ ಹೋತು, ಆಟ ಹೋತು, ಕಾಲು ಹೋತು. ಒಬ್ಬಾಕಿ ನನ್ನ ನಂಬಿದ್ಲು ಅನ್ನೂದೊಂದು ಉಳದಿತ್ತು ಅವರಿಗೆ. ಅದನ್ನೂ ಕಸಗೊಳ್ಳಲೇನು? ಅವರ ಸಲುವಾಗಿ ಸುಮ್ಮನಿದ್ದೆ. ನಿನ್ನ ಸಲುವಾಗಿ ಅಲ್ಲ."

ನಾನು ಅಳುತ್ತ ಕಾಲು ಮುಟ್ಟಲು ಬಗ್ಗಿದೆ. ಕಾಕು ಕಾಲು ಹಿಂದೆಳೆದುಕೊಂಡರು.

"ಬ್ಯಾಡ. ಸಿಟ್ಟು ಹೋಗೇದ ಅಂತ ತಿಳಕೋಬ್ಯಾಡ, ಹೋಗಿಲ್ಲ" ಅಂದರು. ಸೋಸಿದ ಸೊಪ್ಪು ಬದಿಗಿಟ್ಟು, "ಚಹಾ ಇಡತೀನಿ, ಕುಂಡ್ರು" ಎಂದು ಗೋಡೆ ಹಿಡಿದು ಎದ್ದರು.

ಚಹಾ ಕುಡಿದೆ. ಬಸ್ಸಿನಲ್ಲಿ ಬರುವಾಗ ಇಷ್ಟು ವರ್ಷ ನಾನು ತಪ್ಪಿಸಿಕೊಂಡು ತಿರುಗಿದ್ದು ಯಾವುದರಿಂದ ಎಂದು ತಿಳಿಯಿತು. ಕಾಕಾ ಸಿಟ್ಟಾಗುತ್ತಾರೆ ಅನ್ನುವ ಭಯ ಅದಲ್ಲ. ನಿಜ ಗೊತ್ತಾದ ಮೇಲೂ ಆ ಮನುಷ್ಯ ನಕ್ಕು, "ಹೋಗಲಿ ಬಿಡವಾ" ಅಂದುಬಿಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಕೇಳುವ ಯೋಗ್ಯತೆ ನನಗಿರಲಿಲ್ಲ. ಈಗ ಕೇಳಬೇಕು ಅನ್ನಿಸುತ್ತದೆ, ಹೇಳುವವರು ಇಲ್ಲ.