ಗಡಿಯಾಚೆ ಎದ್ದ ಅಪ್ಪನ ಕೂಗು

ಶಕುನ, ಗಾಳಿ, ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಚಹದ ಕಪ್ಪು ಕೆಳಗಿಟ್ಟು ವಾದಕ್ಕೆ ನಿಲ್ಲುತ್ತಿದ್ದವನು ನಾನು. ಸತ್ತ ದನಗಳ ಹೊಟ್ಟೆ ಕೊಯ್ದು ವಿದ್ಯೆ ಕಲಿತವನಿಗೆ ಕಣ್ಣಿಗೆ ಕಾಣದ್ದರಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಅದಕ್ಕೇ ಇದನ್ನು ಒಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ನೀವು ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ, ಕುರಿ ಸಾಕುವ ಮನೆತನ. ನಮ್ಮಲ್ಲಿ ಹಿಂಡು ಕಾಯುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಕೂಗು ಇರುತ್ತದೆ. ನಾಲ್ಕಾರು ಹಿಂಡು ಒಂದೇ ಹಳ್ಳಕ್ಕೆ ಇಳಿದರೂ, ಕೂಗಿದ ಕೂಡಲೇ ಆಯಾ ಹಿಂಡು ತನ್ನವನ ಹಿಂದೆ ಹೊರಡುತ್ತದೆ. ಅಪ್ಪನ ಕೂಗು ಹೊಟ್ಟೆಯಾಳದಿಂದ ಎದ್ದು ಕೊನೆಗೆ ಎರಡು ಸಲ ಮುರಿಯುತ್ತಿತ್ತು. ಎಷ್ಟು ಕಲಿಸಿದರೂ ಅದು ನನಗೆ ಒಲಿಯಲಿಲ್ಲ. “ಕುರಿ ನಿನ್ನ ಮಾತ ಕೇಳಂಗಿಲ್ಲೋ. ನೀ ಸಾಲಿಗೇ ಹೋಗು,” ಎಂದು ಅಪ್ಪ ನಕ್ಕಿದ್ದ. ಹಾಗೆ ಹೋದವನು ಬೀದರಿನಲ್ಲಿ ಉರ್ದು ಕಲಿತು, ಹೈದರಾಬಾದಿನಲ್ಲಿ ಪದವಿ ಪಡೆದು, ನಿಜಾಮ ಸರಕಾರದ ವಜೀಫೆ, ಅಂದರೆ ವಿದ್ಯಾರ್ಥಿವೇತನದ ಮೇಲೆ ಸ್ಕಾಟ್ಲೆಂಡ್ ಸೇರಿದೆ. ಕುರಿಗಳ ರೋಗ ಓದಲು!

ಅದು ಪೊಲೀಸ್ ಕಾರ್ಯಾಚರಣೆಯ ವರ್ಷ, 1948. ಅಲ್ಲಿ ಹೊಂದಿಕೊಳ್ಳುವುದರಲ್ಲೇ ಸಾಕಾಗಿತ್ತು. ರೇಷನ್ ಪುಸ್ತಕ ಹಿಡಿದು ಸಾಲು ನಿಲ್ಲಬೇಕು, ಸಪ್ಪೆ ಆಲೂಗಡ್ಡೆ ತಿನ್ನಬೇಕು, ಕಾಲುಚೀಲ ಒಣಗುವುದೇ ಇಲ್ಲ. ಕಾಲೇಜಿನ ಅರ್ಜಿಗಳಲ್ಲಿ ದೇಶ ಎಂಬಲ್ಲಿ ‘ಹೈದರಾಬಾದ್ ಸಂಸ್ಥಾನ’ ಎಂದು ಬರೆಯುತ್ತಿದ್ದೆ. ಸೆಪ್ಟೆಂಬರಿನಲ್ಲಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು, ಭಾರತದ ಸೈನ್ಯ ಹೈದರಾಬಾದಿನೊಳಗೆ ನುಗ್ಗಿದೆ ಎಂದು. ಊರಿನ ಕಾಗದ ಮೊದಲೇ ನಿಂತಿತ್ತು. ಕಳಿಸಿದ್ದ ತಂತಿಗೂ ಉತ್ತರ ಬಂದಿರಲಿಲ್ಲ. ಅಪ್ಪ ಇದ್ದಾನೋ ಇಲ್ಲವೋ ಎಂದು ಯಾರನ್ನು ಕೇಳಲಿ? ನನ್ನ ಜಿಲ್ಲೆಯ ಹೆಸರನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ.

ಆ ಸುದ್ದಿ ಓದಿದ ಮಂಗಳವಾರವೇ ನಮ್ಮನ್ನು ಪಾಠಕ್ಕೆಂದು ಗುಡ್ಡದ ಮೇಲಿನ ಕುರಿಗಾವಲಿಗೆ ಕರೆದೊಯ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೊಬ್ಬನೇ ಕಲ್ಲುಗೋಡೆಯ ಬಳಿ ನಿಂತಿದ್ದೆ. ದೂರದ ಏರಿನಲ್ಲಿ ಕಪ್ಪುಮೋರೆಯ ಕುರಿಗಳು ಮೇಯುತ್ತಿದ್ದವು. ನೋಡುತ್ತ ನೋಡುತ್ತ ದುಃಖ ಉಕ್ಕಿ ಬಂತು. ಅಳಲು ಬಾಯಿ ತೆರೆದೆ. ಬಂದದ್ದು ಅಳುವಲ್ಲ, ಕೂಗು. ಆ ಎರಡು ಮುರಿತಗಳ ಸಹಿತ ಅಪ್ಪನ ದನಿಯೇ.

ಇಡೀ ಹಿಂಡು ಒಟ್ಟಿಗೆ ತಲೆ ಎತ್ತಿತು. ಮರುಕ್ಷಣ ಗುಡ್ಡ ಇಳಿದು ಬಂದು ನನ್ನನ್ನು ಗೋಡೆಗೆ ಒತ್ತಿ ನಿಂತಿತು. ಅಲ್ಲಿನ ಮುದಿ ಕುರಿಗಾಹಿ ಸಿಳ್ಳೆ ಹಾಕಿದ, ಒಂದೂ ಕದಲಲಿಲ್ಲ. ಅವನ ನಾಯಿ ನೆಲಕ್ಕೆ ಒರಗಿತು.

“ಏನು ಹೇಳಿದೆ ಅವಕ್ಕೆ?” ಎಂದ.

ಉತ್ತರಿಸಲು ಹೋದರೆ ಬಂದದ್ದು ನನ್ನದೇ ಒಣಗಿದ ದನಿ. ಅದನ್ನು ಕೇಳಿದ್ದೇ ಕುರಿಗಳು ತಿರುಗಿ ಹೋದವು.

ಎರಡು ತಿಂಗಳ ಮೇಲೆ ಅಣ್ಣನ ಕಾಗದ ಬಂತು. “ಅಪ್ಪ ಜೀವಂತ ಹಾನ, ನೀ ಘಾಬರಿ ಆಗಬ್ಯಾಡ. ಸೈನ್ಯ ಒಳಗ ಬಂದ ಮರುದಿನ, ಮಂಗಳವಾರ, ಹೊತ್ತು ಮುಳುಗೂ ಮುಂದ ವಿಮಾನ ಬಂದ್ವು. ಕುರಿ ಬೆದರಿ ದಿಕ್ಕಾಪಾಲಾದ್ವು. ಅಪ್ಪ ಕೂಗಲಾಕ ಬಾಯಿ ತೆರದ, ದನಿ ಬರಲೇ ಇಲ್ಲ. ಇನ್ನೂ ಬಂದಿಲ್ಲ.”

ಗಂಟೆ ಲೆಕ್ಕ ಹಾಕಿ ನೋಡಿದೆ. ಊರಿನಲ್ಲಿ ಹೊತ್ತು ಮುಳುಗುವಾಗ ಸ್ಕಾಟ್ಲೆಂಡಿನಲ್ಲಿ ಮಧ್ಯಾಹ್ನ. ಭಯಕ್ಕೆ ದನಿ ಕಟ್ಟುವುದುಂಟು, ಹೊಸ ಸದ್ದಿಗೆ ಕುರಿ ಬರುವುದೂ ಉಂಟು. ಬೇರೆ ಬೇರೆ ಇಟ್ಟರೆ ಎರಡಕ್ಕೂ ಕಾರಣ ಹೇಳಬಲ್ಲೆ. ಕೂಡಿಸಿದರೆ ಇಂದಿಗೂ ನನ್ನ ಬುದ್ಧಿ ಓಡುವುದಿಲ್ಲ.

ಓದು ಮುಗಿಸಿ ಮರಳಿದಾಗ ಅಪ್ಪನಿಗೊಬ್ಬನಿಗೇ ಇದನ್ನೆಲ್ಲ ಹೇಳಿದೆ. ಅವನ ದನಿ ಕದ್ದ ಅಪರಾಧಿಯಂತೆ ಹೇಳಿದೆ. ದನಿ ಇನ್ನೂ ಮರಳದ ಅಪ್ಪ ಎದ್ದು, ನನ್ನನ್ನು ಹೊಲದಲ್ಲಿ ಮೇಯುತ್ತಿದ್ದ ಹಿಂಡಿನೆದುರು ನಿಲ್ಲಿಸಿದ. ನನ್ನ ಗಂಟಲ ಮೇಲೆ ಅಂಗೈ ಇಟ್ಟು, ಕೂಗು ಎಂದು ಸನ್ನೆ ಮಾಡಿದ.

ಕೂಗಿದೆ. ಮತ್ತೆ ಕೂಗಿದೆ. ಒಂದು ಮರಿಯೂ ತಲೆ ಎತ್ತಲಿಲ್ಲ. ಗಂಟಲು ಬಿದ್ದುಹೋಗುವವರೆಗೂ ಕೂಗಿದೆ. ಅಪ್ಪ ಮಾತ್ರ ಕೈ ತೆಗೆಯಲಿಲ್ಲ.