ಹೂಂಗುಟ್ಟುವವರಿಲ್ಲದ ಕೋಣೆ

ನಾನು ಓದಿದ್ದು ಮೂರನೇ ಇಯತ್ತೆ. ಬಸ್ಸಿನ ಬೋರ್ಡು ಓದುತ್ತೇನೆ, ಅದೂ ಬಸ್ಸು ನಿಂತಿದ್ದರೆ. ಆದರೂ ನನ್ನಷ್ಟು ಕಾದಂಬರಿ ಮುಗಿಸಿದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಎಲ್ಲ ಕಿವಿಯಿಂದಲೇ ಮುಗಿಸಿದ್ದು.

ಹರಿಹರದಲ್ಲಿ ನಮ್ಮದು ರೊಟ್ಟಿ ಕೆಲಸ. ನಾನೂ ನನ್ನ ಸೊಸೆಯೂ ಬೆಳಿಗ್ಗೆಯಿಂದ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಒಂದು ದಿನ ಸೊಸೆ ಮೊಬೈಲಿನಲ್ಲಿ ಓದಿ ಹೇಳುವ ಪುಸ್ತಕ ಹಚ್ಚಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಳು. ಅವತ್ತು ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಯಿತು. ಅಲ್ಲಿಂದ ಬಿಟ್ಟಿಲ್ಲ.

ಕೇಳಿ ಕೇಳಿ ನನಗೂ ಗೊತ್ತಾಗಿದೆ. ಒಳ್ಳೆಯ ಓದುಗಾರ ತಾನು ಅಳುವುದಿಲ್ಲ, ಅಳುವುದನ್ನು ನಮಗೆ ಬಿಡುತ್ತಾನೆ. ಕೆಟ್ಟವನು ಓದಿದರೆ ಕುದಿನೀರು ಹಾಕದ ಹಿಟ್ಟಿನ ರೊಟ್ಟಿ ಇದ್ದಂತೆ, ಅಂಚೆಲ್ಲ ಸೀಳು.

ಹೋದ ವರ್ಷ ನಾವಿಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ ಹೊರಟಿದ್ದೆವು. ಹಿಂದಿನ ದಿನ ಸೊಸೆ ರೇಷನ್ ತರಲು ಹೋಗಿ ಕಥೆಯ ಒಂದು ಭಾಗ ಕೇಳಿರಲಿಲ್ಲ. ಅದನ್ನು ಹೇಳುತ್ತಿದ್ದೆ, ಅವಳು ಹೂಂ ಹೂಂ ಅನ್ನುತ್ತಿದ್ದಳು.

“ಕಥಿ ಚಲೋ ಐತೆ. ಆದ್ರೆ ಆ ಓದೋ ಯಪ್ಪ, ಹೆಣ ಎತ್ತೋದನ್ನ ರೇಷನ್ ಅಂಗಡ್ಯಾಗೆ ಹೆಸರು ಕೂಗಿದಂಗೆ ಓದ್ತಾನೆ” ಎಂದೆ.

ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಮುಂದಕ್ಕೆ ಬಾಗಿದಳು. “ಅಜ್ಜಿ, ಸಿಟ್ಟಾಗಬ್ಯಾಡ್ರಿ. ಆ ಪುಸ್ತಕ ರೆಕಾರ್ಡ್ ಮಾಡ್ದೋರು ನಾವೇ.”

ಸೊಸೆ ನನ್ನ ತೊಡೆ ಚಿವುಟಿದಳು.

“ಹಂಗಾರೆ ಒಳ್ಳೇದಾತು. ಆ ಯಪ್ಪಂಗೆ ಹೇಳ್ಬಿಡವ್ವ” ಎಂದೆ.

ಹುಡುಗಿ ನಕ್ಕುಬಿಟ್ಟಳು. ಅವರು ಹೊಸ ಕಾದಂಬರಿಯೊಂದನ್ನು ಮಾಡುತ್ತಿದ್ದರಂತೆ. ಅದರಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ ಕಥೆ ಹೇಳುತ್ತಾಳಂತೆ, ನಮ್ಮ ಕಡೆ ಮಾತಿನಲ್ಲೇ. ಬೆಂಗಳೂರಿನ ಒಬ್ಬ ನಾಟಕದವರು ಓದಿ ಕೊಟ್ಟಿದ್ದಾರೆ, ಆದರೆ ನಮ್ಮ ಮಾತು ಅವರ ಬಾಯಲ್ಲಿ ಕೂತಿಲ್ಲ.

“ನೀವು ಬಂದು ಒಂದ್ಸಲ ಹೇಳ್ತೀರಾ ಅಜ್ಜಿ?”

“ಆತು” ಎಂದೆ.

“ಅತ್ತೆ, ಎಲ್ಲಿ, ಏನು ಅಂತ ಕೇಳ್ರಿ ಮೊದ್ಲು!”

“ಕೇಳಿದ್ರೆ ಅಂಜಿಕಿ ಬರ್ತೈತೆ. ಅದಕ್ಕೇ ಮೊದ್ಲು ಒಪ್ಗೊಂಡೆ.”

ಸ್ಟುಡಿಯೋ ಖಾಲಿ ಇದ್ದದ್ದು ಮುಂದಿನ ವಾರ ಒಂದೇ ದಿನ. ಅವತ್ತು ನಾನು ಹೇಳಿದ್ದು ಸರಿಬಂದರೆ ನನ್ನ ದನಿ, ಬರದಿದ್ದರೆ ಬೆಂಗಳೂರಿನವರ ದನಿ. ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು, ನನಗೂ ಹಾಗೆ ಹೇಳುವವರೇ ಸೇರುತ್ತಾರೆ. ನಾನ್ಯಾಕೆ ಸುಳ್ಳು ಹೇಳಲಿ, ಆ ಪುಸ್ತಕದಲ್ಲಿ ನನ್ನ ದನಿಯೇ ಇರಬೇಕು ಅಂತ ನನಗೆ ಹಠ ಹಿಡಿಯಿತು.

ಅವರು ಕೊಟ್ಟ ಹಾಳೆಗಳನ್ನು ಸೊಸೆ ಓದಿದಳು, ನಾನು ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದೆ. ನಾನೊಂದು ಮಾತು ಬದಲಿಸಿದರೂ ಅವಳು ಬಿಡುತ್ತಿರಲಿಲ್ಲ. “ಬರ್ದೋರು ಹಿಂಗ್ ಬರ್ದಾರ ಅತ್ತೆ, ನಿಮ್ಮ ಶ್ಯಾಣ್ಯಾತನ ಸೇರಿಸಬ್ಯಾಡ್ರಿ” ಅನ್ನುವಳು. ವಾರದೊಳಗೆ ಎಲ್ಲ ಬಾಯಿಗೆ ಬಂತು.

ಸ್ಟುಡಿಯೋ ಅಂದರೆ ದಾವಣಗೆರೆಯಲ್ಲಿ ಒಂದು ಮನೆಯ ಮಹಡಿ. ಗೋಡೆಗೆಲ್ಲ ಹಾಸಿಗೆಯ ಸ್ಪಂಜು ಅಂಟಿಸಿದ ಸಣ್ಣ ಕೋಣೆಯೊಳಗೆ ನನ್ನೊಬ್ಬಳನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿದರು. ಗಾಜಿನ ಆಚೆ ಆ ಹುಡುಗಿ, ಪಕ್ಕದಲ್ಲಿ ಮಿಷಿನ್ ನೋಡುವವರು. ಸೊಸೆ ಹೊರಗೆ ಬೆಂಚಿನ ಮೇಲೆ.

ಕಥೆಯ ಮೊದಲನೇ ಸಾಲು ಹೇಳಿದೆ. ನಿಂತೆ. ಎರಡನೆಯದು ಹೇಳಿದೆ. ಮತ್ತೆ ನಿಂತೆ.

“ಯಾಕ ನಿಂತ್ರಿ ಅಜ್ಜಿ? ಮುಂದಕ್ಕೆ ಹೇಳ್ರಿ” ಎಂದು ಕಿವಿಯಲ್ಲಿ ಹುಡುಗಿ.

ಹೇಳಲು ಹೋದೆ. ಬರಲಿಲ್ಲ. ಒತ್ತಾಯಕ್ಕೆ ಹೇಳಿದರೆ ನಾನು ಬಸ್ಸಿನ ಬೋರ್ಡು ಓದಿದ ಹಾಗೆ ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಬಿತ್ತು. ಮತ್ತೊಮ್ಮೆ ಮಾಡಿದರು, ಮಗದೊಮ್ಮೆ ಮಾಡಿದರು. ಮಿಷಿನ್‌ನವರು ಗಡಿಯಾರ ನೋಡಿದರು. ಪುಸ್ತಕ ಕೈತಪ್ಪಿತು ಅಂತ ಆ ಕ್ಷಣ ನನಗೇ ಅನ್ನಿಸಿತು.

ನನ್ನ ತವರು ಸಾರಥಿ ಎಂಬ ಹಳ್ಳಿಯಲ್ಲಿ ಒಂದು ಪದ್ಧತಿ. ಕಥೆ ಹೇಳುವವರು ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವರು ಹೂಂ ಅನ್ನಬೇಕು. ಹೂಂ ಇಲ್ಲದೆ ಹೇಳಿದ ಕಥೆ ದಾರಿ ತಪ್ಪಿ ಇನ್ನೊಬ್ಬರ ಮನೆಗೆ ಹೋಗುತ್ತದೆ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಹಾಗೇ ಹೇಳಿದ ಬಾಯಿ ಇದು. ಮನೆಯಲ್ಲಿ ಬಾಯಿಪಾಠ ಒಪ್ಪಿಸುವಾಗಲೂ ಸೊಸೆ ಹೂಂ ಅನ್ನುತ್ತಿದ್ದಳಲ್ಲ, ಅದಕ್ಕೇ ಅಲ್ಲಿ ಸರಾಗ ಬಂದಿತ್ತು.

“ತಂಗೀ, ಇಲ್ಲಿ ಹೂಂ ಅನ್ನೋರು ಒಬ್ರೂ ಇಲ್ಲ. ಗ್ವಾಡಿಗೆ ಹೆಂಗೆ ಕಥಿ ಹೇಳ್ಲಿ?”

“ಒಳಗೆ ಯಾರಾದ್ರೂ ಹೂಂ ಅಂದ್ರೆ ಅದೂ ರೆಕಾರ್ಡ್ ಆಗ್ಬಿಡ್ತೈತೆ ಅಜ್ಜಿ.”

“ಈಗ ನೀನು ನನ್ನ ಕಿವ್ಯಾಗೆ ಮಾತಾಡಿದ್ಯಲ್ಲ, ಅದು ಆತಾ?”

“ಇಲ್ಲ, ಅದು ನಿಮಗೊಬ್ರಿಗೇ ಕೇಳ್ಸೋದು.”

“ಮತ್ತೆ ಅಲ್ಲಿಂದ್ಲೇ ಹೂಂ ಅನ್ನು.”

ಅಂದಳು, ಪಾಪ. ಆದರೆ ಅವಳದು ಫೋನಿನಲ್ಲಿ ಅಂದಂಥ ಹೂಂ. ನಾನು ಹೇಳಿ ಮುಗಿಸುವ ಮೊದಲೇ ಬಂದು ಬೀಳುತ್ತಿತ್ತು. “ನೀ ಬ್ಯಾಡ, ನಮ್ಮ ಹುಡುಗಿನ ಕರಿ” ಎಂದೆ. ಸೊಸೆ ಬಂದು ಆ ಹುಡುಗಿಯ ಕುರ್ಚಿಯಲ್ಲಿ ಕೂತಳು, ಗಾಜಿನೊಳಗಿಂದ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ನಾನು ಮೊದಲನೇ ಸಾಲು ಹೇಳಿದೆ.

“ಹೂಂ” ಎಂದು ಕಿವಿಯಲ್ಲಿ ಬಂತು. ಎಷ್ಟು ಬೇಕೋ ಅಷ್ಟೇ.

ಕಥೆ ಹೊರಟಿತು. ಕೊನೆಯವರೆಗೂ ಎಲ್ಲೂ ತಡೆಯಲಿಲ್ಲ. ನಡುನಡುವೆ ನಾನು ನಿಂತದ್ದನ್ನೆಲ್ಲ ಆಮೇಲೆ ಮಿಷಿನ್ನಿನಲ್ಲಿ ಕತ್ತರಿಸುತ್ತಾರಂತೆ. ಹೆಡ್‌ಫೋನ್ ತೆಗೆದು ಹೊರಗೆ ಬಂದರೆ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. “ಇದೇ ಇರ್ತೈತೆ ಅಜ್ಜಿ, ನಿಮ್ಮ ದನಿನೇ” ಎಂದಳು. ಆಮೇಲೆ ಸ್ವಲ್ಪ ತಡವರಿಸಿದಳು. “ಕೊನೇ ಅಧ್ಯಾಯದಾಗೂ ಅಜ್ಜಿ ಮಾತು ಅದಾವ್ರಿ. ಅವನ್ನೂ ನೀವೇ ಹೇಳ್ಬೇಕು. ಆದ್ರೆ ಅಲ್ಲಿ ಅಜ್ಜಿ... ತೀರ್ಕೊಂತಾಳೆ.”

“ಬ್ಯಾಡ ಅತ್ತೆ!” ಸೊಸೆಗೆ ಗಾಬರಿ. “ಬಾಯಿಂದ ಅಂಥಾವೆಲ್ಲ ಆಡಬಾರದು.”

“ಆಡಿದ್ರೆ ಸಾಯಂಗಿದ್ರೆ ನಾನು ನಿಮ್ಮ ಮಾವಗೆ ಆಡಿದ್ದಕ್ಕೆ ಅವನು ಯಾವಾಗ್ಲೋ ಹೋಗ್ಬೇಕಿತ್ತು. ಇನ್ನೂ ಮನ್ಯಾಗೆ ಕಾಲ್ ಚಾಚ್ಕಂಡು ಕುಂತಾನೆ.” ಹುಡುಗಿಗೆ ಹೇಳಿದೆ, “ಆತು ತಂಗೀ. ಮೊದ್ಲು ಊಟ ಕೊಡ್ರಿ. ಹಸಕಂಡು ಸಾಯಾಕಾಗಲ್ಲ.”

ಊಟ ಮಾಡಿ ಬಂದು ಸತ್ತೆ. ಹುಡುಗಿ ಕಿವಿಯಲ್ಲಿ ಒಂದೊಂದೇ ಸಾಲು ಹೇಳಿಕೊಟ್ಟಳು, ನಾನು ಹೇಳಿದೆ. ಸೊಸೆ ಹೂಂ ಅನ್ನಲಾಗದೆ ಅರ್ಧಕ್ಕೇ ಸೆರಗು ಬಾಯಿಗೆ ಹಿಡಿದಳು. ನಾನು ಅಳಲಿಲ್ಲ. ಸಾಯುವವಳಿಗೆ ಅಳುವ ಕೆಲಸವಿಲ್ಲ.

ಈಗ ಆ ಪುಸ್ತಕ ಮೊಬೈಲಿಗೆ ಬಂದಿದೆ. ಓಣಿಯವರೆಲ್ಲ ಕೇಳಿದರು. ಎಲ್ಲರಿಗೂ ನಾನು ಹೇಳುವುದಿಷ್ಟೇ: ಕಥೆ ಚೆನ್ನಾಗಿದೆ, ಸಾವು ಇನ್ನೂ ಚೆನ್ನಾಗಿ ಬಂದಿದೆ.